ಹನಿಹನಿಯ ಲೆಕ್ಕವಿಟ್ಟ ಮಹನೀಯ: ಜೋಸೆಫ್ ಲೂಯಿ ಗೇ-ಲುಸಾಕ್

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಮೊದಲಾದ ಪಡುವಣ ಕಡಲ ತಡಿಯ ಊರುಗಳ ಯಾವ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ಹೊಕ್ಕು ನೋಡಿದರೂ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಹೊರಗೆ ಮುಂಗಾರಿನ ಮಳೆ ಎಡೆಬಿಡದೆ ಸುರಿಯುತ್ತಿರುತ್ತದೆ. ಒಳಗೆ ಸಾಲುಸಾಲಾಗಿ ನಿಂತ ವಿದ್ಯಾರ್ಥಿಗಳು ಕಬ್ಬಿಣದ ಕಂಬಕ್ಕೆ ಬಿಗಿದ ಉದ್ದನೆಯ ಗಾಜಿನ ಕೊಳವೆಯಿಂದ ಕೆಳಗಿನ ಕುಪ್ಪಿಗೆ ಹನಿಹನಿಯಾಗಿ ಆಮ್ಲವನ್ನು ಬಿಡುತ್ತ, ದ್ರಾವಣದ ಬಣ್ಣ ತಿರುಗುವ ಗಳಿಗೆಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿರುತ್ತಾರೆ. ಆ ಕೊಳವೆಗೆ ಬ್ಯುರೆಟ್ ಎಂದೂ, ಗೊತ್ತಾದ ಅಳತೆಯ ದ್ರವವನ್ನು ಹೀರಿ ತೆಗೆಯುವ ಮತ್ತೊಂದು ನಾಳಕ್ಕೆ ಪಿಪೆಟ್ ಎಂದೂ ಹೆಸರು. ಈ ಎರಡು ಹೆಸರುಗಳನ್ನು ರಸಾಯನಶಾಸ್ತ್ರದಲ್ಲಿ ನೆಲೆಗೊಳಿಸಿದವನು ಯಾರು, ಅವನು ಎಂತಹ ಬಾಳನ್ನು ಬಾಳಿದನು ಎಂಬುದನ್ನು ಅರಿತವರು ಮಾತ್ರ ವಿರಳ. ಅನಿಲಗಳ ನಿಯಮವೊಂದಕ್ಕೆ ಹೆಸರುಕೊಟ್ಟವನೆಂದು ಪಠ್ಯಪುಸ್ತಕಗಳು ಅವನನ್ನು ನೆನೆಯುತ್ತವೆ. ದಿನವೂ ಕೈಯಲ್ಲಿ ಹಿಡಿಯುವ ಉಪಕರಣದ ಮೂಲಕ ನೆನೆಯುವುದಿಲ್ಲ.

ಅವನ ಬಾಳನ್ನು ಹೇಳುವ ಮೊದಲು ಪ್ರಯೋಗದ ತಿರುಳನ್ನು ಒಂದಿಷ್ಟು ವಿವರಿಸುವುದು ಯುಕ್ತ. ಅರಿಶಿನದ ನೀರಿಗೆ ಸುಣ್ಣವನ್ನು ಬೆರೆಸಿದರೆ ಅದು ಕೆಂಪಾಗುವುದನ್ನು ಮಂಗಳಕಾರ್ಯಗಳ ಆರತಿಯ ತಟ್ಟೆಯಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅದೇ ಕೆಂಪು ನೀರಿಗೆ ನಿಂಬೆಯ ಹುಳಿಯನ್ನು ಹಿಂಡುತ್ತ ಹೋದರೆ ಒಂದು ಗಳಿಗೆಯಲ್ಲಿ ಕೆಂಪು ಅಳಿದು ಹಳದಿ ಮರಳುತ್ತದೆ. ಸುಣ್ಣವು ಕ್ಷಾರ, ನಿಂಬೆಯ ರಸವು ಆಮ್ಲ. ಒಂದು ಮತ್ತೊಂದರ ಗುಣವನ್ನು ಕಳೆಯುತ್ತದೆ. ಅರಿಶಿನವು ಇವುಗಳ ನಡುವಣ ವ್ಯಾಜ್ಯ ತೀರಿತೆಂಬುದನ್ನು ಬಣ್ಣದಿಂದ ಸಾರುತ್ತದೆ. ನೀರಿನಲ್ಲಿ ಸುಣ್ಣ ಹೆಚ್ಚಿದ್ದಷ್ಟೂ ಹುಳಿಯೂ ಹೆಚ್ಚು ಬೇಕಾಗುವುದು ಸಹಜವಷ್ಟೆ. ಹುಳಿಯ ತೀಕ್ಷ್ಣತೆ ಎಷ್ಟೆಂದು ಮೊದಲೇ ಗೊತ್ತಿದ್ದು, ಎಷ್ಟು ಹನಿ ಹಿಡಿಸಿತೆಂಬುದನ್ನು ಸರಿಯಾಗಿ ಅಳೆದರೆ, ಕಣ್ಣಿಗೆ ಕಾಣದ ಸುಣ್ಣದ ಪ್ರಮಾಣ ಲೆಕ್ಕಕ್ಕೆ ಸಿಕ್ಕುತ್ತದೆ. ಗೊತ್ತಿರುವುದರ ಅಳತೆಯಿಂದ ಗೊತ್ತಿಲ್ಲದುದರ ಸಾರತೆಯನ್ನು ಅರಿಯುವ ಈ ಕ್ರಮವೇ ಟೈಟ್ರೇಷನ್, ಅರ್ಥಾತ್ ಅನುಮಾಪನ. ನಮ್ಮ ಅಜ್ಜಿಯರಿಗೆ ಬಣ್ಣದ ಮಾರ್ಪಾಡು ತಿಳಿದಿತ್ತು; ಅದನ್ನು ಅಳತೆಗೆ ತರಬೇಕೆಂಬ ಅಗತ್ಯ ಅವರಿಗೆ ಬಿದ್ದಿರಲಿಲ್ಲ. ಅಂತಹ ಅಗತ್ಯ ಬಿದ್ದ ದೇಶವೂ ಕಾಲವೂ ಬೇರೆ.

ಫ್ರಾನ್ಸಿನ ಲಿಮೂಸಾಂ ಪ್ರಾಂತದ ಸೇಂಟ್ ಲೆಯೊನಾರ್ ಎಂಬ ಚಿಕ್ಕ ಊರಿನಲ್ಲಿ 1778ನೆಯ ಇಸವಿ ಡಿಸೆಂಬರ್ 6ರಂದು ಜೋಸೆಫ್ ಲೂಯಿ ಜನಿಸಿದನು. ತಂದೆ ಆಂತ್ವಾನ್ ಗೇ ನ್ಯಾಯವಾದಿ, ರಾಜಸರ್ಕಾರದ ಅಧಿಕಾರಸ್ಥಾನದಲ್ಲಿದ್ದವನು. ಗೇ ಎಂಬ ಮನೆತನಗಳು ಆ ಸೀಮೆಯಲ್ಲಿ ಹಲವಿದ್ದುದರಿಂದ, ತನ್ನ ಆಸ್ತಿಯಿದ್ದ ಲುಸಾಕ್ ಎಂಬ ಹಳ್ಳಿಯ ಹೆಸರನ್ನು ಆತನು ಮನೆತನದ ಹೆಸರಿಗೆ ಜೋಡಿಸಿಕೊಂಡನು. ಊರಿನ ಪಾದ್ರಿಯೊಬ್ಬನಲ್ಲಿ ಬಾಲಕನ ವಿದ್ಯಾಭ್ಯಾಸ ಆರಂಭವಾಯಿತು. ಅಷ್ಟರಲ್ಲಿ 1789ರ ಮಹಾಕ್ರಾಂತಿ ಎದ್ದಿತು. ಪಾದ್ರಿ ದೇಶಬಿಟ್ಟು ಹೋದನು. 1793ರಲ್ಲಿ ತಂದೆಯನ್ನು ಸಂಶಯಿತನೆಂದು ಹಿಡಿದು ಸೆರೆಯಲ್ಲಿಟ್ಟರು. ಶಿರಚ್ಛೇದ ಯಂತ್ರ ಬಿಡುವಿಲ್ಲದೆ ದುಡಿಯುತ್ತಿದ್ದ ಆ ದಿನಗಳಲ್ಲಿ ಆತನು ಬದುಕಿ ಮನೆಗೆ ಮರಳಿದುದು ಪುಣ್ಯವಿಶೇಷವೇ ಸರಿ.

ಹದಿನಾರು ವರ್ಷದ ಮಗನನ್ನು ತಂದೆ ಪ್ಯಾರಿಸಿಗೆ ಕಳುಹಿಸಿದನು. ಅಲ್ಲಿ ಕ್ಷಾಮ. ಅವನು ಸೇರಿದ ಖಾಸಗಿ ವಿದ್ಯಾಲಯವು ಅನ್ನವಿಲ್ಲದೆ ಮುಚ್ಚಿತು. ಅನಂತರ ಸೇರಿದ ಸಾನ್ಸಿಯೇ ಎಂಬವರ ಶಾಲೆಯೂ ವಿದ್ಯಾರ್ಥಿಗಳನ್ನು ಮನೆಗೆ ಕಳುಹಿಸಬೇಕಾಯಿತು. ಆದರೆ ಈ ಹುಡುಗನೊಬ್ಬನನ್ನು ಮಾತ್ರ ಆ ದಂಪತಿಗಳು ತಮ್ಮಲ್ಲಿಯೇ ಇರಿಸಿಕೊಂಡರು. ಮನೆಯಲ್ಲಿದ್ದ ಎರಡು ಹಸುಗಳ ಹಾಲನ್ನು ಆ ಗೃಹಿಣಿ ಬೆಳಗಿನ ಜಾವದ ಕತ್ತಲಲ್ಲಿ ಗಾಡಿಯಲ್ಲಿಟ್ಟುಕೊಂಡು ನಗರಕ್ಕೆ ಒಯ್ದು ಮಾರುತ್ತಿದ್ದಳು. ದಾರಿಯಲ್ಲಿ ಕಳ್ಳರ ಭಯ. ಆದಕಾರಣ ಸೊಂಟಕ್ಕೆ ದೊಡ್ಡದೊಂದು ಕತ್ತಿಯನ್ನು ಕಟ್ಟಿಕೊಂಡು ಹುಡುಗನು ಕಾವಲಾಗಿ ಹೋಗುತ್ತಿದ್ದನು. ಹಿಂದಿರುಗುವಾಗ ಬೆಳಕು ಹರಿದಿರುತ್ತಿತ್ತು. ಗಾಡಿಯ ಹುಲ್ಲಿನ ಮೇಲೆ ಒರಗಿ ರೇಖಾಗಣಿತವನ್ನೂ ಬೀಜಗಣಿತವನ್ನೂ ಓದಿಕೊಳ್ಳುತ್ತಿದ್ದನು. ಈ ಬಗೆಯ ಅಧ್ಯಯನದ ಫಲವಾಗಿ 1797ರ ಡಿಸೆಂಬರಿನಲ್ಲಿ ಪ್ಯಾರಿಸಿನ ಸುಪ್ರಸಿದ್ಧ ಎಕೋಲ್ ಪಾಲಿಟೆಕ್ನಿಕ್‌ಗೆ ಅವನಿಗೆ ಪ್ರವೇಶ ದೊರೆಯಿತು. ಕಷ್ಟದಲ್ಲಿ ಓದಿದ ಮಕ್ಕಳ ಕಥೆಗಳನ್ನು ನಾವು ಎಷ್ಟೋ ಕೇಳಿದ್ದೇವೆ. ಇಲ್ಲಿ ನೆನೆಯಬೇಕಾದುದು ಹುಡುಗನ ಛಲವನ್ನಷ್ಟೇ ಅಲ್ಲ, ತಮಗೇ ಊಟಕ್ಕಿಲ್ಲದಾಗ ಪರರ ಮಗನನ್ನು ಬಿಡದೆ ಸಾಕಿದ ಆ ಗುರುದಂಪತಿಗಳನ್ನು.

ಪಾಲಿಟೆಕ್ನಿಕ್‌ನ ಓದು ಮುಗಿದು ಸೇತುವೆ ರಸ್ತೆಗಳ ಎಂಜಿನಿಯರಿಂಗ್ ಶಾಲೆಯನ್ನು ಸೇರಿದ್ದ ತರುಣನನ್ನು ಮಹಾರಸಾಯನಜ್ಞನಾದ ಬರ್ತೊಲೆ ತನ್ನ ಸಹಾಯಕನನ್ನಾಗಿ ಆರಿಸಿಕೊಂಡನು. ಪ್ಯಾರಿಸಿಗೆ ಸಮೀಪದ ಆರ್ಕೇಯ್ ಗ್ರಾಮದಲ್ಲಿ ಅವನ ಮನೆಯೂ ಪ್ರಯೋಗಶಾಲೆಯೂ ಇದ್ದುವು. ನೆರೆಯಲ್ಲಿ ಗಣಿತಜ್ಞ ಲಾಪ್ಲಾಸನ ವಾಸ. ಬರ್ತೊಲೆ ತನ್ನ ಒಂದು ಅಭಿಪ್ರಾಯವನ್ನು ಸಮರ್ಥಿಸುವ ಪ್ರಯೋಗಗಳನ್ನು ಮಾಡುವಂತೆ ಶಿಷ್ಯನಿಗೆ ಹೇಳಿದನು. ಪ್ರಯೋಗದ ಫಲ ಗುರುವಿನ ಅಭಿಪ್ರಾಯಕ್ಕೆ ನೇರ ವಿರುದ್ಧವಾಗಿ ಬಂದಿತು. ಶಿಷ್ಯನು ಅದನ್ನು ಮುಚ್ಚಿಡದೆ ಹಾಗೆಯೇ ಒಪ್ಪಿಸಿದನು. ಗುರು ಮುನಿಯಲಿಲ್ಲ, ಇಂತಹವನೇ ತನಗೆ ಬೇಕಾದವನೆಂದು ಸಂತೋಷಪಟ್ಟು, ಪ್ರಯೋಗಶಾಲೆಯ ಬಾಗಿಲನ್ನೂ ಮನೆಯ ಬಾಗಿಲನ್ನೂ ಅವನಿಗೆ ತೆರೆದುಕೊಟ್ಟನು. ಬಂದ ಫಲವನ್ನು ಬಂದಂತೆಯೇ ಬರೆಯುವ ಈ ಗುಣ ಮುಂದೆ ಅವನ ಎಲ್ಲ ಕೆಲಸಗಳಿಗೂ ಅಡಿಗಲ್ಲಾಯಿತು. ಇಂದಿನ ಪ್ರಯೋಗಶಾಲೆಗಳಲ್ಲಿ ನೆರೆಯವನ ಬ್ಯುರೆಟ್ಟಿನ ಅಂಕಿಯನ್ನು ಓರೆಗಣ್ಣಿನಿಂದ ನೋಡಿ ತನ್ನ ಅಂಕಿಯನ್ನು ತಿದ್ದಿಕೊಳ್ಳುವ ವಿದ್ಯಾರ್ಥಿಗಳಿಲ್ಲದಿಲ್ಲ. ಬರಬೇಕಾದ ಉತ್ತರವನ್ನು ಮೊದಲೇ ಸೂಚಿಸಿಬಿಡುವ ಉಪಾಧ್ಯಾಯರೂ ಇಲ್ಲದಿಲ್ಲ. ಈ ಗುರುಶಿಷ್ಯರ ಪ್ರಸಂಗವು ಇಬ್ಬರಿಗೂ ಕೇಳಿಸತಕ್ಕದ್ದು.

1802ರಲ್ಲಿ, ಎಲ್ಲ ಅನಿಲಗಳೂ ಒಂದೇ ಪ್ರಮಾಣದ ಉಷ್ಣಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬ ನಿಯಮವನ್ನು ಅವನು ಪ್ರಕಟಿಸಿದನು. ಷಾರ್ಲ್ ಎಂಬ ಹಿರಿಯನು ಹದಿನೈದು ವರ್ಷಗಳ ಹಿಂದೆಯೇ ಇಂತಹುದನ್ನು ಕಂಡಿದ್ದನೆಂದೂ ಆದರೆ ಪ್ರಕಟಿಸಿರಲಿಲ್ಲವೆಂದೂ ತನ್ನ ಲೇಖನದಲ್ಲಿ ತಾನೇ ಹೇಳಿದನು. ಹೇಳದಿದ್ದರೆ ಷಾರ್ಲನ ಹೆಸರು ಈ ನಿಯಮಕ್ಕೆ ಅಂಟಿಕೊಳ್ಳುತ್ತಲೇ ಇರಲಿಲ್ಲ.

1804ರಲ್ಲಿ ನಡೆದ ಆಕಾಶಯಾನಗಳು ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದುವು. ಎತ್ತರಕ್ಕೆ ಹೋದಂತೆ ಭೂಮಿಯ ಕಾಂತಶಕ್ತಿ ಕುಗ್ಗುವುದೇ, ಗಾಳಿಯ ಘಟಕಗಳು ಬೇರೆಯಾಗುವುವೇ ಎಂಬುದನ್ನು ಪರೀಕ್ಷಿಸಲು ಅವನೂ ಬಿಯೋ ಎಂಬ ಭೌತವಿಜ್ಞಾನಿಯೂ ಆಗಸ್ಟ್ 24ರಂದು ಜಲಜನಕ ತುಂಬಿದ ಬಲೂನನ್ನೇರಿ ಸುಮಾರು 4000 ಮೀಟರು ಮೇಲೇರಿದರು. ಅಷ್ಟು ಸಾಲದೆಂದು ಸೆಪ್ಟೆಂಬರ್ 16ರಂದು ಅವನೊಬ್ಬನೇ ಹೊರಟು 7016 ಮೀಟರುಗಳ ಎತ್ತರವನ್ನು ಮುಟ್ಟಿದನು. ಅಲ್ಲಿ ಚಳಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಒಂಬತ್ತೂವರೆ ಡಿಗ್ರಿ ಕೆಳಗೆ. ಕೈಗಳು ಮರಗಟ್ಟಿದುವು, ಉಸಿರಾಟ ಬಿರುಸಾಯಿತು, ಗಂಟಲೊಣಗಿ ರೊಟ್ಟಿಯ ತುಣುಕೂ ಇಳಿಯದಾಯಿತು. ಆದರೂ ಬರಿದುಮಾಡಿ ತಂದಿದ್ದ ಗಾಜಿನ ಕುಪ್ಪಿಗಳನ್ನು ತೆರೆದು ಆ ಎತ್ತರದ ಗಾಳಿಯನ್ನು ತುಂಬಿ ಬಿಗಿದನು. ಕೆಳಗಿಳಿದ ಮೇಲೆ ಪರೀಕ್ಷಿಸಲು, ಆಮ್ಲಜನಕದ ಪಾಲು ಪ್ಯಾರಿಸಿನ ಬೀದಿಯ ಗಾಳಿಯಲ್ಲಿದ್ದಷ್ಟೇ ಇತ್ತು. ಹೊರೆಯನ್ನು ಇಳಿಸುವುದಕ್ಕಾಗಿ ಅವನು ಮೇಲಿನಿಂದ ಎಸೆದ ಮರದ ಕುರ್ಚಿಯೊಂದು ಕುರಿಕಾಯುವ ಹುಡುಗಿಯೊಬ್ಬಳ ಸಮೀಪದ ಪೊದೆಗೆ ಬಿದ್ದಿತೆಂದೂ, ಬಲೂನು ಕಣ್ಣಿಗೆ ಕಾಣದಿದ್ದುದರಿಂದ ಅದು ಸ್ವರ್ಗದಿಂದಲೇ ಬಂದಿರಬೇಕೆಂದು ಹಳ್ಳಿಗರು ತರ್ಕಿಸಿದರೆಂದೂ, ಸ್ವರ್ಗದ ಬಡಗಿಗಳ ಕೆಲಸ ಇಷ್ಟು ಒರಟಾಗಿರಲು ಸಾಧ್ಯವೇ ಎಂದು ಅವರಿಗೆ ಸಂದೇಹ ಬಂದಿತೆಂದೂ ಅವನ ಮಿತ್ರ ಅರಾಗೋ ಬರೆದಿಟ್ಟಿದ್ದಾನೆ. ಸುಮಾರು ಅರ್ಧ ಶತಮಾನ ಕಾಲ ಆ ಎತ್ತರವನ್ನು ಮೀರಿದವರಿರಲಿಲ್ಲ.

ಮುಂದೆ ಹುಂಬೋಲ್ಟನೆಂಬ ಜರ್ಮನ್ ಪ್ರವಾಸಿ ವಿಜ್ಞಾನಿಯ ಸ್ನೇಹ, 1805ರಲ್ಲಿ ಅವನೊಡನೆ ಇಟಲಿಯ ಪ್ರವಾಸ, 1806ರಲ್ಲಿ ವಿಜ್ಞಾನ ಪರಿಷತ್ತಿನ ಸದಸ್ಯತ್ವ. ಎರಡು ಅಳತೆ ಜಲಜನಕವೂ ಒಂದು ಅಳತೆ ಆಮ್ಲಜನಕವೂ ಕೂಡಿ ನೀರಾಗುವುದೆಂದು ಇವರಿಬ್ಬರೂ ನಿಷ್ಕರ್ಷಿಸಿದ್ದರು. ಅದರ ಬೆನ್ನು ಹಿಡಿದು, ಅನಿಲಗಳು ಸರಳ ಪೂರ್ಣಾಂಕಗಳ ಪ್ರಮಾಣದಲ್ಲಿಯೇ ಸಂಯೋಗ ಹೊಂದುತ್ತವೆ ಎಂಬ ಮಹತ್ತ್ವದ ನಿಯಮವನ್ನು 1808ರ ಕೊನೆಯ ದಿನ ಅವನು ಸಾರಿದನು. ಇಂಗ್ಲೆಂಡಿನ ಡಾಲ್ಟನ್ ಇದನ್ನು ಒಪ್ಪಲಿಲ್ಲ. ಇಟಲಿಯ ಅವೊಗಾಡ್ರೊ ಇದರಿಂದಲೇ ತನ್ನ ಸಿದ್ಧಾಂತವನ್ನು ಕಟ್ಟಿದನು. ಅದು ಬೇರೊಂದು ಕಥೆ.

ಅದೇ 1808ರಲ್ಲಿ ಒದಗಿದ ವಿಪತ್ತನ್ನು ಹೇಳದೆ ಬಿಡಲಾಗದು. ಪೊಟ್ಯಾಸಿಯಂ ಎಂಬ ಉಗ್ರ ಲೋಹವನ್ನು ಕುರಿತು ತೆನಾರನೆಂಬ ಮಿತ್ರನೊಡನೆ ಪ್ರಯೋಗ ಮಾಡುತ್ತಿದ್ದಾಗ ಪಾತ್ರೆ ಸಿಡಿದು ಅವನ ಕಣ್ಣುಗಳಿಗೆ ಬಡಿಯಿತು. ಸುಮಾರು ಒಂದು ತಿಂಗಳ ಕಾಲ, ದೃಷ್ಟಿ ಹೋಯಿತೆಂದೇ ಎಲ್ಲರೂ ಬಗೆದಿದ್ದರು. ಕಣ್ಣು ಮರಳಿತು, ಆದರೆ ಮೊದಲಿನ ಬಲ ಮರಳಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ಬಣ್ಣದ ಸೂಕ್ಷ್ಮ ಮಾರ್ಪಾಡನ್ನು ನೋಡಿ ತೀರ್ಪು ಕೊಡುವ ವಿದ್ಯೆಯನ್ನು ಬೆಳೆಸಿದವನು ಇಂತಹ ನೊಂದ ಕಣ್ಣುಗಳ ಮನುಷ್ಯನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅವನ ದಾಂಪತ್ಯದ ಕಥೆಯೂ ರಸಾಯನಶಾಸ್ತ್ರದಿಂದಲೇ ತೊಡಗುವುದು. ಬಟ್ಟೆಯ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿ ಕೆಲಸಕ್ಕಿದ್ದ ಜೋಸೆಫೀನ್ ಎಂಬ ಹದಿನೇಳರ ಹುಡುಗಿ ಗಲ್ಲಾಪೆಟ್ಟಿಗೆಯ ಮರೆಯಲ್ಲಿ ಯಾವುದೋ ಪುಸ್ತಕವನ್ನು ಓದುತ್ತಿದ್ದುದು ಕಂಡಿತು. ಏನೆಂದು ಕೇಳಲು, ರಸಾಯನಶಾಸ್ತ್ರದ ಗ್ರಂಥವೆಂದು ತಿಳಿಯಿತು. ಕ್ರಾಂತಿಯ ಕಾಲದಲ್ಲಿ ಬಡತನಕ್ಕಿಳಿದ ಸಂಗೀತಗಾರನೊಬ್ಬನ ಮಗಳು ಆಕೆ. ಅವಳ ವಿದ್ಯಾಭ್ಯಾಸ ಮುಂದುವರಿಯುವಂತೆ ವ್ಯವಸ್ಥೆ ಮಾಡಿ, ಅನಂತರ ಅವಳನ್ನೇ ವರಿಸಿದನು. ನಲವತ್ತಕ್ಕೂ ಹೆಚ್ಚು ವರ್ಷಗಳ ಆ ಸಂಸಾರದಲ್ಲಿ ಇಬ್ಬರ ಕೈಬರಹವೂ ಒಂದನ್ನೊಂದು ಹೋಲತೊಡಗಿ, ಬರೆದವರು ಯಾರೆಂದು ಗುರುತಿಸುವುದೇ ಕಷ್ಟವಾಯಿತಂತೆ.

ಮದುವೆಯ ಆಸುಪಾಸಿನಲ್ಲಿಯೇ ಅವನು ಪಾಲಿಟೆಕ್ನಿಕ್‌ನಲ್ಲಿ ರಸಾಯನಶಾಸ್ತ್ರದ, ಸೊರ್ಬಾನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಬೋರಾನ್ ಎಂಬ ಮೂಲವಸ್ತುವಿನ ಶೋಧ, ಅಯೋಡಿನ್ನಿನ ಅಧ್ಯಯನ, 1815ರಲ್ಲಿ ಸಯನೋಜೆನ್ ಅನಿಲದ ಶೋಧ ಇವೆಲ್ಲವೂ ಆ ಕಾಲದ ಸಾಧನೆಗಳು. ಅಯೋಡಿನ್ನಿನ ವಿಷಯದಲ್ಲಿ ಇಂಗ್ಲೆಂಡಿನ ಡೇವಿಯೊಡನೆ ಮೊದಲು ಕಂಡವರಾರೆಂಬ ಜಗಳ ನಡೆಯಿತು. ಎರಡು ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ ಪ್ಯಾರಿಸಿಗೆ ಅತಿಥಿಯಾಗಿ ಬಂದಿದ್ದವನೊಡನೆ ಅಷ್ಟು ಹಟ ಬೇಕಿರಲಿಲ್ಲವೆನ್ನಬಹುದು. ಷಾರ್ಲನ ವಿಷಯದಲ್ಲಿ ತೋರಿದ ಔದಾರ್ಯ ಇಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಈಗ ಪ್ರಕೃತಕ್ಕೆ ಬರೋಣ. ಆ ಕಾಲದಲ್ಲಿ ಸಾಬೂನು ಮಾಡುವವರಿಗೂ ಗಾಜು ಮಾಡುವವರಿಗೂ ಬಟ್ಟೆಯನ್ನು ಬಿಳುಪುಗೊಳಿಸುವವರಿಗೂ ಅತ್ಯವಶ್ಯವಾದ ವಸ್ತು ಕ್ಷಾರ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿಯನ್ನು ಬಸಿದು ಬಟ್ಟೆ ಒಗೆಯುತ್ತಿದ್ದ ನಮ್ಮ ಹಿರಿಯರಿಗೆ ಅದು ಅಪರಿಚಿತವಲ್ಲ. ಯೂರೋಪಿನಲ್ಲಿ ಆ ತಿಳಿಯನ್ನು ಕುದಿಸಿ ಇಂಗಿಸಿ ಪೊಟ್ಯಾಷ್ ಎಂಬ ಹೆಸರಿನಲ್ಲಿ ಪೀಪಾಯಿಗಟ್ಟಲೆ ಮಾರುತ್ತಿದ್ದರು. ರಷ್ಯದಿಂದಲೂ ಅಮೆರಿಕದಿಂದಲೂ ಹಡಗುಗಳಲ್ಲಿ ಬರುತ್ತಿತ್ತು. ನೋಡಲು ಎಲ್ಲವೂ ಒಂದೇ. ಆದರೆ ಒಂದು ಪೀಪಾಯಿಯಲ್ಲಿ ನೂರಕ್ಕೆ ಅರುವತ್ತು ಪಾಲು ಕ್ಷಾರವಿದ್ದರೆ ಮತ್ತೊಂದರಲ್ಲಿ ಮೂವತ್ತೂ ಇರದು; ಮಿಕ್ಕದ್ದು ನಿರುಪಯುಕ್ತ ಲವಣ, ತೇವ, ಮಣ್ಣು. ತೂಕಕ್ಕೆ ಹಣ ಕೊಟ್ಟು ಕೊಂಡ ಬಡ ಸಾಬೂನುಗಾರನು ಮನೆಗೆ ಒಯ್ದು ಎಣ್ಣೆಯೊಡನೆ ಕುದಿಸಿದಾಗ, ಸಾಬೂನು ಗಟ್ಟಿಯಾಗದಿದ್ದಾಗ, ತಾನು ಮೋಸಹೋದುದನ್ನು ಅರಿಯುತ್ತಿದ್ದನು. ಆಗ ಎಣ್ಣೆಯೂ ನಷ್ಟ. ರುಚಿ ನೋಡಿ, ಬೆರಳಿಗೆ ಹಚ್ಚಿ ಪರೀಕ್ಷಿಸುವ ವಿದ್ಯೆ ವ್ಯಾಪಾರಿಗಳಲ್ಲಿತ್ತಾದರೂ ಮಾರುವವನ ನಾಲಗೆ ಹೇಳುವುದೊಂದು, ಕೊಳ್ಳುವವನ ನಾಲಗೆ ಹೇಳುವುದೊಂದು.

ಹನಿಯಳತೆಯ ಪರೀಕ್ಷೆ ಗೇ-ಲುಸಾಕನಿಂದಲೇ ಹುಟ್ಟಿತೆಂದು ಹೇಳುವಂತಿಲ್ಲ. ಆಮ್ಲ ಕ್ಷಾರಗಳಿಂದ ಹೂವಿನ ಬಣ್ಣ ತಿರುಗುವುದನ್ನು 17ನೆಯ ಶತಮಾನದಲ್ಲಿಯೇ ರಾಬರ್ಟ್ ಬಾಯ್ಲ್ ವಿವರಿಸಿದ್ದನು. ಡೆಕ್ರುವಾಸಿಲ್ ಎಂಬ ಫ್ರೆಂಚ್ ಔಷಧಿಕಾರನು ಗೀರು ಹಾಕಿದ ಕೊಳವೆಯಿಂದ ಕ್ಷಾರವನ್ನು ಅಳೆಯುವ ಕ್ರಮವನ್ನು 1806ರಲ್ಲಿ ಪ್ರಕಟಿಸಿದ್ದನು. ಆದರೆ ಆ ಅಳತೆಗಳು ಆಯಾ ಕೈಯ ಅಳತೆಗಳು. ಒಬ್ಬನ ಡಿಗ್ರಿ ಮತ್ತೊಬ್ಬನ ಡಿಗ್ರಿಯಾಗಿರಲಿಲ್ಲ. ಗೇ-ಲುಸಾಕ್ ಮೊದಲು 1824ರಲ್ಲಿ ಬಟ್ಟೆ ಬಿಳುಪಿಸುವ ಕ್ಲೋರಿನ್ ಪುಡಿಯ ಪರೀಕ್ಷೆಗೂ, 1828ರಲ್ಲಿ ಪೊಟ್ಯಾಷಿನ ಪರೀಕ್ಷೆಗೂ, ಎಲ್ಲಿಯೂ ಯಾರೂ ಮಾಡಿ ಒಂದೇ ಉತ್ತರವನ್ನು ಪಡೆಯಬಹುದಾದ ಕ್ರಮವನ್ನು ಹಾಕಿಕೊಟ್ಟನು.

ಆ ಕ್ರಮ ಹೀಗಿದೆ. 100 ಗ್ರಾಂ ಅಪ್ಪಟ ಗಂಧಕಾಮ್ಲವನ್ನು ನೀರಿನಲ್ಲಿ ಬೆರೆಸಿ ಸರಿಯಾಗಿ ಒಂದು ಲೀಟರ್ ಮಾಡಬೇಕು. ಇದು ಗೊತ್ತಿರುವ ಆಮ್ಲ. ಇದರ 50 ಮಿಲಿಲೀಟರಿನಲ್ಲಿ 5 ಗ್ರಾಂ ಆಮ್ಲವಿರುವುದು ಸ್ಪಷ್ಟ. ಈ 5 ಗ್ರಾಂ ಆಮ್ಲವನ್ನು ಸರಿದೂಗಿಸಲು ಶುದ್ಧ ಕ್ಷಾರ 4.807 ಗ್ರಾಂ ಬೇಕೆಂದು ಅವನ ಲೆಕ್ಕ. ಆದ್ದರಿಂದ ಪರೀಕ್ಷಿಸಬೇಕಾದ ಪೊಟ್ಯಾಷನ್ನೂ 4.807 ಗ್ರಾಂ ಅಳತೆಗೇ ತೆಗೆದುಕೊಳ್ಳಬೇಕು. ಬ್ಯುರೆಟ್ಟಿನಲ್ಲಿ 50 ಮಿಲಿಲೀಟರನ್ನು ನೂರು ಗೀರುಗಳಾಗಿ ಪಾಲುಮಾಡಿದೆ. ಪೊಟ್ಯಾಷ್ ಪೂರ್ಣ ಶುದ್ಧವಾಗಿದ್ದರೆ ನೂರು ಗೀರಿನ ಆಮ್ಲವೂ ಹಿಡಿಸುತ್ತದೆ. ಐವತ್ತೈದು ಗೀರಿಗೇ ಬಣ್ಣ ತಿರುಗಿದರೆ ನೂರಕ್ಕೆ ಐವತ್ತೈದು ಪಾಲು ಕ್ಷಾರ. ಗುಣಾಕಾರವಿಲ್ಲ, ಭಾಗಾಕಾರವಿಲ್ಲ, ಅಕ್ಷರ ಬಲ್ಲ ಯಾವ ಸಾಬೂನುಗಾರನೂ ಗೀರನ್ನು ಓದಿ ಬೆಲೆಯನ್ನು ಕಟ್ಟಬಹುದು. ಲೆಕ್ಕದ ಶ್ರಮವನ್ನೆಲ್ಲ ತಾನು ಹೊತ್ತು, ಬಳಸುವವನಿಗೆ ಬರಿಯ ಓದಿಕೆಯನ್ನು ಬಿಟ್ಟುಕೊಟ್ಟ ಈ ಉಪಾಯದಲ್ಲಿ ಅವನ ದೊಡ್ಡತನ ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಬಣ್ಣದ ಸೂಚಕವಾಗಿ ಅವನು ಬಳಸಿದುದು ಕಲ್ಲುಹೂವಿನ ಜಾತಿಯಿಂದ ತೆಗೆದ ಲಿಟ್ಮಸ್. ಇಲ್ಲಿ ಒಂದು ತೊಡಕಿತ್ತು. ಪೊಟ್ಯಾಷಿನಲ್ಲಿರುವ ಕ್ಷಾರವು ಬಹುಪಾಲು ಕಾರ್ಬನೇಟ್ ರೂಪದಲ್ಲಿರುತ್ತದೆ. ಆಮ್ಲ ಬಿದ್ದಾಗ ಅದರಿಂದ ಇಂಗಾಲಾಮ್ಲ ಹೊರಟು ಲಿಟ್ಮಸ್ಸನ್ನು ತಾನೂ ಕೆಂಪಾಗಿಸುತ್ತದೆ. ಅವಸರದವನು ಅದನ್ನೇ ಮುಕ್ತಾಯವೆಂದು ತಿಳಿದು ನಿಲ್ಲಿಸಿದರೆ ಲೆಕ್ಕ ಕೆಡುತ್ತದೆ. ಗೇ-ಲುಸಾಕ್ ಎರಡು ಕೆಂಪುಗಳನ್ನು ಬೇರ್ಪಡಿಸಿ ತೋರಿಸಿದನು: ಇಂಗಾಲಾಮ್ಲದ ಕೆಂಪು ದ್ರಾಕ್ಷಿಯ ಮದ್ಯದ ಬಣ್ಣದ್ದು, ಗಂಧಕಾಮ್ಲ ಮಿಗುವಾಗಿನ ಕೆಂಪು ಈರುಳ್ಳಿ ಸಿಪ್ಪೆಯ ಬಣ್ಣದ್ದು. ಮೊದಲನೆಯದು ಕಂಡಾಗ ಎಚ್ಚರಗೊಳ್ಳಬೇಕು; ಎರಡನೆಯದು ಕಂಡಾಗ ನಿಲ್ಲಿಸಬೇಕು. ಕಣ್ಣಿಗೆ ಸಂದೇಹವಿದ್ದರೆ, ಕೊನೆಕೊನೆಯ ಒಂದೊಂದು ಹನಿ ಹಾಕಿದಾಗಲೂ ಲಿಟ್ಮಸ್ ಕಾಗದದ ಮೇಲೆ ಒಂದೊಂದು ಗೀಟೆಳೆಯಬೇಕು. ಕಾಗದ ಒಣಗಿದಾಗ ಇಂಗಾಲಾಮ್ಲದ ಕೆಂಪು ಆರಿಹೋಗುತ್ತದೆ, ಮಿಗುಗಂಧಕಾಮ್ಲದ ಕೆಂಪು ಉಳಿಯುತ್ತದೆ. ಉಳಿದ ಗೀಟುಗಳನ್ನೆಣಿಸಿ ಅಷ್ಟು ಹನಿಗಳನ್ನು ಲೆಕ್ಕದಿಂದ ಕಳೆಯಬೇಕು. ಮಾಡಿದ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳಲು ದಾರಿಯಿರುವ ಪರೀಕ್ಷೆ ಇದು. ಆಗಿನ ಬ್ಯುರೆಟ್ಟಿಗೆ ಕೆಳಗೆ ತಿರುಪಿರಲಿಲ್ಲ. ದೊಡ್ಡ ಕೊಳವೆಯ ಬುಡದಿಂದ ಹೊರಟು ಪಕ್ಕದಲ್ಲಿ ಮೇಲೇರಿ ಬಾಗಿದ ಸಣ್ಣ ನಾಳವೊಂದಿತ್ತು. ಕಿಂಡಿಯ ಗಿಂಡಿಯನ್ನು ಬಾಗಿಸುವಂತೆ ಇಡೀ ಉಪಕರಣವನ್ನು ಬಾಗಿಸಿ ಹನಿ ಬೀಳಿಸಬೇಕಾಗಿತ್ತು.

ಇದಕ್ಕಿಂತಲೂ ಗಹನವಾದ ಪರೀಕ್ಷೆ ಟಂಕಸಾಲೆಯಲ್ಲಿ ಅವನಿಗಾಗಿ ಕಾದಿತ್ತು. 1829ರಲ್ಲಿ ಪ್ಯಾರಿಸಿನ ಟಂಕಸಾಲೆಯಲ್ಲಿ ಬೆಳ್ಳಿ ಬಂಗಾರಗಳ ಅಪ್ಪಟತನವನ್ನು ನಿರ್ಣಯಿಸುವ ಮುಖ್ಯ ಪರೀಕ್ಷಕನಾಗಿ ಅವನು ನೇಮಕಗೊಂಡನು. ಕಾನೂನಿನಂತೆ ಫ್ರಾನ್ಸಿನ ಬೆಳ್ಳಿ ನಾಣ್ಯದಲ್ಲಿ ಸಾವಿರಕ್ಕೆ 900 ಪಾಲು ಬೆಳ್ಳಿಯಿರಬೇಕು, ಮಿಕ್ಕದ್ದು ತಾಮ್ರ. ಅದನ್ನು ಪರೀಕ್ಷಿಸುತ್ತಿದ್ದುದು ಪುರಾತನ ಕಾಲದಿಂದ ಬಂದ ಪುಟದ ಕ್ರಮದಿಂದ: ಬೆಳ್ಳಿಯ ತುಣುಕನ್ನು ಸೀಸದೊಡನೆ ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಕಾಯಿಸಿದರೆ ಸೀಸವೂ ತಾಮ್ರವೂ ಸುಟ್ಟು ಬಟ್ಟಲಿಗೆ ಇಂಗುತ್ತವೆ, ಚೊಕ್ಕ ಬೆಳ್ಳಿಯ ಮಣಿ ಉಳಿಯುತ್ತದೆ, ಅದನ್ನು ತೂಗುವುದು. ನಮ್ಮ ಅಕ್ಕಸಾಲಿಗರೂ ಬಲ್ಲ ವಿದ್ಯೆಯೇ. ಆದರೆ ಬೆಳ್ಳಿಯೂ ಒಂದಿಷ್ಟು ಬಟ್ಟಲಿಗೆ ಇಂಗುತ್ತದೆ, ಒಂದಿಷ್ಟು ಹಾರಿಹೋಗುತ್ತದೆ. ಆದ್ದರಿಂದ 900 ಎಂದು ಪುಟ ಹೇಳಬೇಕಾದರೆ ನಾಣ್ಯದಲ್ಲಿ ವಾಸ್ತವವಾಗಿ ಸುಮಾರು 904 ಪಾಲು ಬೆಳ್ಳಿಯಿರಬೇಕಾಗಿತ್ತು. ಸಾವಿರಕ್ಕೆ ನಾಲ್ಕು ಎಂಬುದು ಅಲ್ಪವೆಂದು ತೋರೀತು. ಕೋಟಿಗಟ್ಟಲೆ ನಾಣ್ಯಗಳನ್ನು ಅಚ್ಚುಹಾಕುವ ರಾಜ್ಯಕ್ಕೆ ಅದು ವರ್ಷವರ್ಷವೂ ಸೋರುವ ಬೊಕ್ಕಸ.

ಈ ದೋಷವನ್ನು ಕಳೆಯುವ ಹೊಣೆ ಅವನ ಮೇಲೆ ಬಿದ್ದಿತು. ಅವನು ಬೆಂಕಿಯನ್ನು ಬಿಟ್ಟು ನೀರನ್ನು ಹಿಡಿದನು. ಅಡಿಗೆಯ ಉಪ್ಪಿನ ದ್ರಾವಣವನ್ನು ಒಂದು ಗ್ರಾಂ ಬೆಳ್ಳಿಗೆ ಸರಿಯಾಗಿ 100 ಮಿಲಿಲೀಟರ್ ಹಿಡಿಸುವಂತೆ ಹದಮಾಡಿಕೊಂಡನು. ಒಂದು ಗ್ರಾಂ ಬೆಳ್ಳಿಯಿರಬಹುದಾದ ನಾಣ್ಯದ ತುಣುಕನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪಿಪೆಟ್ಟಿನಿಂದ 100 ಮಿಲಿಲೀಟರ್ ಉಪ್ಪುನೀರನ್ನು ಸುರಿದರೆ ಬೆಳ್ಳಿಯೆಲ್ಲ ಮೊಸರಿನಂತೆ ಹೆಪ್ಪಾಗುತ್ತದೆ. ಕುಪ್ಪಿಯನ್ನು ಬಿಗಿದು ಬಲವಾಗಿ ಕುಲುಕಿದರೆ ಗರಣೆಗಳು ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಅನಂತರ ಹತ್ತರಲ್ಲೊಂದು ಸಾರದ ಉಪ್ಪುನೀರನ್ನು ಒಂದೊಂದೇ ಮಿಲಿಲೀಟರಿನಂತೆ ಹಾಕಬೇಕು. ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಬೆಳ್ಳಿ, ಅಂದರೆ ಸಾವಿರದಲ್ಲೊಂದು ಪಾಲು. ತಿಳಿನೀರಿನಲ್ಲಿ ಬಿಳಿಯ ಮಬ್ಬು ಏಳುವವರೆಗೆ ಬೆಳ್ಳಿಯಿದೆ, ಏಳದಿದ್ದಾಗ ಮುಗಿಯಿತು. ಇಲ್ಲಿ ಬಣ್ಣದ ಸೂಚಕವೂ ಬೇಡ. ಸೆಕೆ ಚಳಿಗಳಿಂದ ಉಪ್ಪುನೀರು ಹಿಗ್ಗಿ ಕುಗ್ಗುವುದರಿಂದಾಗುವ ವ್ಯತ್ಯಾಸಕ್ಕೂ ಕೋಷ್ಟಕವನ್ನು ಕೊಟ್ಟನು. ಸಾವಿರದಲ್ಲಿ ಅರೆಪಾಲಿನ ತಪ್ಪೂ ಅವನ ಕೈಗೆ ಸಿಕ್ಕುತ್ತಿತ್ತು. ತಲೆಮಾರುಗಳಿಂದ ಪುಟವಿಡುವುದನ್ನೇ ಕಸುಬಾಗಿಸಿಕೊಂಡವರ ನಡುವೆ, ಅವರ ತಕ್ಕಡಿ ತಪ್ಪೆಂದು ತೋರಿಸುವುದು ಸುಲಭದ ಮಾತಲ್ಲ. 1830ರಲ್ಲಿ ಸರ್ಕಾರ ಹೊಸ ಕ್ರಮವನ್ನು ಅಂಗೀಕರಿಸಿತು. 1832ರಲ್ಲಿ ಅವನ ಕೈಪಿಡಿ ಪ್ರಕಟವಾಯಿತು. ಮುಂದೆ ಬೇರೆ ದೇಶಗಳ ಟಂಕಸಾಲೆಗಳೂ ಅದನ್ನನುಸರಿಸಿದುವು.

ಈ ಟಂಕಸಾಲೆಯ ಕೆಲಸ ಅವನಿಗೆ ಒಂದು ವಿಚಿತ್ರ ಅಡ್ಡಿಯನ್ನೂ ತಂದಿತು. 1831ರಲ್ಲಿ ಅವನು ಶಾಸನಸಭೆಗೆ ಆಯ್ಕೆಯಾದನು. ಮುಂದೆ ಅವನನ್ನು ಕುಲೀನರ ಮೇಲ್ಮನೆಗೆ ಸೇರಿಸಬೇಕೆಂಬ ಮಾತು ಬಂದಾಗ, ದಿನವೂ ಟಂಕಸಾಲೆಯಲ್ಲಿ ಕೈಯಾರೆ ಲೋಹ ಪರೀಕ್ಷಿಸುವವನು ಅಂತಹ ಪೀಠಕ್ಕೆ ತಕ್ಕವನೇ ಎಂದು ಕೆಲವರು ತಡೆದರು. ತನ್ನ ಕಾಯಕವನ್ನು ಅವನು ಬಿಡಲಿಲ್ಲ. 1839ರಲ್ಲಿ ಪದವಿ ತಾನಾಗಿಯೇ ಬಂದಿತು. ಹಲವು ಸಂಬಳದ ಹುದ್ದೆಗಳನ್ನು ಒಟ್ಟಿಗೇ ಹೊಂದಿದ್ದನೆಂಬ, ಸೇಂಟ್ ಗೊಬೇನ್ ಕಾರ್ಖಾನೆಗೆ ಸಲಹೆಗಾರನಾಗಿ ಹಣ ಗಳಿಸಿದನೆಂಬ ಆಕ್ಷೇಪಗಳೂ ಇದ್ದುವು. ಗಂಧಕಾಮ್ಲದ ತಯಾರಿಕೆಯಲ್ಲಿ ವ್ಯರ್ಥವಾಗಿ ಹೋಗುತ್ತಿದ್ದ ಸಾರಜನಕದ ಅನಿಲಗಳನ್ನು ಹಿಡಿದು ಮರಳಿ ಬಳಸುವ, ಅವನ ಹೆಸರಿನ ಗೋಪುರ ಆ ಕಾರ್ಖಾನೆಯಲ್ಲಿಯೇ ಮೊದಲು ಎದ್ದಿತು. ಮಿತಭಾಷಿಯೂ ಗಂಭೀರನೂ ಆದ ಅವನನ್ನು ಗರ್ವಿಯೆಂದು ತಿಳಿದವರೂ ಇದ್ದರು.

ಆದರೆ ಪ್ರಯೋಗಶಾಲೆಯೊಳಗೆ ಅವನು ಬೇರೆಯೇ ಮನುಷ್ಯ. ಜರ್ಮನಿಯಿಂದ ಬಂದ ಇಪ್ಪತ್ತರ ಹರೆಯದ ಲೀಬಿಗ್ ಎಂಬ ತರುಣನನ್ನು ಹುಂಬೋಲ್ಟನ ಮಾತಿನ ಮೇಲೆ ತನ್ನ ಬಳಿ ಸೇರಿಸಿಕೊಂಡು 1824ರಲ್ಲಿ ಸರಿಸಮನಾಗಿ ಕೆಲಸ ಮಾಡಿಸಿದನು. ಪ್ರಯೋಗವೊಂದು ಸಫಲವಾದಾಗ ಆ ಗಂಭೀರ ಗುರು ಶಿಷ್ಯನ ಕೈಹಿಡಿದು ಮೇಜಿನ ಸುತ್ತ ಕುಣಿಯುತ್ತಿದ್ದನೆಂದು ಲೀಬಿಗ್ ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾನೆ. ಗುರುವಿನಿಂದ ಕಲಿತುದನ್ನು ಅವನು ಗೀಸೆನ್ ಎಂಬ ಚಿಕ್ಕ ಊರಿನ ವಿಶ್ವವಿದ್ಯಾನಿಲಯಕ್ಕೆ ಒಯ್ದು, ವಿದ್ಯಾರ್ಥಿಗಳೇ ಕೈಯಾರೆ ಪ್ರಯೋಗ ಮಾಡಿ ಕಲಿಯುವ ಶಾಲೆಯನ್ನು ಕಟ್ಟಿದನು. ಬೋಧಕನು ಮಾಡಿ ತೋರಿಸುವುದು, ಶಿಷ್ಯರು ದೂರದಿಂದ ನೋಡುವುದು ಎಂಬ ಪದ್ಧತಿ ಅಲ್ಲಿಂದ ಸಡಿಲಿತು. ಜರ್ಮನಿಯ ಔಷಧಿಕಾರ ಫ್ರೀಡ್ರಿಕ್ ಮೋರ್ ಬ್ಯುರೆಟ್ಟಿನ ತಳಕ್ಕೆ ರಬ್ಬರಿನ ನಳಿಕೆಯನ್ನೂ ಚಿಮಟವನ್ನೂ ಜೋಡಿಸಿ, 1855ರಲ್ಲಿ ಅನುಮಾಪನದ ಮಹಾಗ್ರಂಥವನ್ನು ಬರೆದನು. 1871ರಲ್ಲಿ ಬೇಯರ್ ತಯಾರಿಸಿದ ಫಿನಾಲ್ಫ್ತಲೀನ್ ಕೆಲವು ವರ್ಷಗಳಲ್ಲಿಯೇ ಸೂಚಕವಾಗಿ ಬಳಕೆಗೆ ಬಂದಿತು. ಇಂದು ವಿದ್ಯಾರ್ಥಿಯು 20 ಮಿಲಿಲೀಟರ್ ಅಜ್ಞಾತ ಕ್ಷಾರಕ್ಕೆ ಡೆಸಿನಾರ್ಮಲ್ ಆಮ್ಲ 18 ಮಿಲಿಲೀಟರ್ ಹಿಡಿಸಿತೆಂದು ಕಂಡು, ಹದಿನೆಂಟನ್ನು ದಶಾಂಶ ಒಂದರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿ, ಕ್ಷಾರದ ಸಾರತೆ 0.09 ನಾರ್ಮಲ್ ಎಂದು ಬರೆಯುವಾಗ ನಡೆಯುವುದು ಗೇ-ಲುಸಾಕ್ ಪೊಟ್ಯಾಷಿನ ಪೀಪಾಯಿಗೆ ಮಾಡಿದ ತೀರ್ಪೇ.

ಬೆಳ್ಳಿಯ ಪರೀಕ್ಷೆಯೂ ತಿರುವುಮುರುವಾಗಿ ನಮ್ಮ ಕರಾವಳಿಗೆ ಬಂದಿದೆ. ಪ್ಯಾರಿಸಿನಲ್ಲಿ ಅವನು ಗೊತ್ತಿರುವ ಉಪ್ಪಿನಿಂದ ಗೊತ್ತಿಲ್ಲದ ಬೆಳ್ಳಿಯನ್ನು ಅಳೆದನು. ಕಾಪುವಿನಂತಹ ಕಡಲಂಚಿನ ಊರುಗಳ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುವುದುಂಟಷ್ಟೆ. ಕುಡಿಯುವ ನೀರಿನಲ್ಲಿ ಉಪ್ಪು ಎಷ್ಟಿದೆಯೆಂದು ತಿಳಿಯಲು ಜಲಪರೀಕ್ಷಕರು ಗೊತ್ತಿರುವ ಬೆಳ್ಳಿಯ ದ್ರಾವಣವನ್ನು ಬ್ಯುರೆಟ್ಟಿನಿಂದ ಬಿಡುತ್ತ, ಹಳದಿಯ ಕ್ರೋಮೇಟ್ ಸೂಚಕವು ಇಟ್ಟಿಗೆಗೆಂಪಿಗೆ ತಿರುಗುವುದನ್ನು ನೋಡುತ್ತಾರೆ. ಈ ಕ್ರಮಕ್ಕೆ ಮೋರನ ಹೆಸರಿದ್ದರೂ ಬೇರು ಟಂಕಸಾಲೆಯ ಕುಪ್ಪಿಯಲ್ಲಿದೆ.

ಮುಪ್ಪಿನಲ್ಲಿ ಅವನ ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಕುಪ್ಪಿ ಸಿಡಿದು ಕೈಗೆ ಗಾಯವಾಯಿತು. ಅಲ್ಲಿಂದ ಆರೋಗ್ಯ ಮೊದಲಿನಂತಾಗಲಿಲ್ಲ. ರಸಾಯನಶಾಸ್ತ್ರದ ತತ್ತ್ವವನ್ನು ಕುರಿತ ಗ್ರಂಥವೊಂದನ್ನು ಅವನು ಆರಂಭಿಸಿ ಮುಗಿಸದೆ ಇಟ್ಟಿದ್ದನು. ಅಂತ್ಯ ಸಮೀಪಿಸಿತೆಂದು ತಿಳಿದಾಗ ಮಗ ಜೂಲನನ್ನು ಕರೆದು ಆ ಹಸ್ತಪ್ರತಿಯನ್ನು ಸುಡಿಸಿದನು. ಪೂರ್ಣವಾಗದುದು, ತಿದ್ದದುದು ತನ್ನ ಹೆಸರಿನಲ್ಲಿ ಲೋಕಕ್ಕೆ ಹೋಗಕೂಡದೆಂಬುದು ಅವನ ಬಯಕೆ. 1850ನೆಯ ಇಸವಿ ಮೇ 9ರಂದು ಪ್ಯಾರಿಸಿನಲ್ಲಿ ಅವನು ಕಾಲವಶನಾದನು. ಅವನ ಸಮಾಧಿ ಆ ನಗರದ ಪೇರ್ ಲಾಷೇಸ್ ರುದ್ರಭೂಮಿಯಲ್ಲಿದೆ. 1889ರಲ್ಲಿ ಐಫೆಲ್ ಗೋಪುರವನ್ನು ಕಟ್ಟಿದಾಗ ಅದರ ಮೇಲೆ ಕೆತ್ತಿದ 72 ವಿದ್ವಾಂಸರ ಹೆಸರುಗಳಲ್ಲಿ ಅವನದೂ ಒಂದು.